ಡಲ್ಸಿಗೆ ವಯಸ್ಸಾಯಿತೆಂದ ಹಾಲಿನ ಗೆರೆಗೆ

ಹೈನುಗಾರರ ಸಲಹಾ ಕಚೇರಿಯ ಕಂಪ್ಯೂಟರಿನೊಳಗೆ ಹಾಲಿನ ಲೆಕ್ಕದ ನಕ್ಷೆಯಾಗಿ ಸುಖವಾಗಿ ವಾಸಿಸುತ್ತಿರುವ ಮಾನ್ಯ ಹಾಲಿನ ಗೆರೆಯವರೇ,

ಮೋಡ ಸರಿದಾಗ ತರನಾಕಿ ಬೆಟ್ಟ ಕಾಣುವ ಒಕಾಟೊದ ಹುಲ್ಲುಗಾವಲಿನಿಂದ ತಮಗೆ ಸಗಣಿಗೈಯ ನಮಸ್ಕಾರಗಳು. ಕರು ಹಾಕಿದ ಮೇಲೆ ಕೆಲವು ವಾರ ಸರ್ರನೆ ಏರಿ, ಆಮೇಲೆ ಮೆಲ್ಲನೆ ಜಾರುವ ತಮ್ಮ ಮೈಕಟ್ಟು ಆ ಬೆಟ್ಟವನ್ನೂ ನಾಚಿಸುವಂಥದು. ಸೂಲಿನಿಂದ ಸೂಲಿಗೆ ಹಸು ಹಾಲನ್ನು ಎಷ್ಟು ಏರಿಸಬೇಕು, ಯಾವ ಸೂಲಿನಿಂದ ಇಳಿಸಬೇಕು ಎಂಬುದನ್ನು ಹಸುವಿಗಿಂತ ಮೊದಲೇ ಬಲ್ಲ ತಮ್ಮಲ್ಲಿ ಒಂದು ದೂರು.

ನಾಲ್ಕು ಸೂಲು ಏರಿದ ನಮ್ಮ ಹಸು ಡಲ್ಸಿ ಐದರಲ್ಲಿ ಕುಸಿದಳು, ಆರರಲ್ಲಿ ಮುಗಿದಳು, ಆದ್ದರಿಂದ ಗುರುವಾರ ಕಸಾಯಿಖಾನೆಯ ಲಾರಿ ಹತ್ತಬೇಕು ಎಂದು ತಾವು ಅಪ್ಪಣೆ ಕೊಡಿಸಿದಿರಿ. ದಿನದಿನದ ಹಾಲೆಲ್ಲ ಒಂದೇ ತೊಟ್ಟಿಗೆ ಹೋಗುವುದರಿಂದ ಯಾವ ಹಸುವಿನದೆಷ್ಟೆಂದು ನಮಗೂ ತಿಳಿಯದು; ಆಗೊಮ್ಮೆ ಈಗೊಮ್ಮೆ ಶೆಡ್ಡಿಗೆ ಬಂದು ಅಳೆಯುವವರ ಅಂಕಿಯೇ ತಮಗೆ ಅನ್ನ. ನಾಲ್ಕನೆಯ ಸೂಲಿನವರೆಗೂ ಅಳೆಯಲು ಬರುತ್ತಿದ್ದವರು ಆಂಟಿ ಮ್ಯೂರಿಯೆಲ್. ಅವರು ನಿವೃತ್ತರಾದ ಮೇಲೆ ಬಂದವನು ಕೈಲ್. ಒಳ್ಳೆಯ ಹುಡುಗ, ಆದರೆ ಶಿಳ್ಳೆ ಹಾಕುತ್ತಾನೆ. ಶಿಳ್ಳೆ ಕೇಳಿದರೆ ಡಲ್ಸಿ ಹಾಲನ್ನು ಕೆಚ್ಚಲಲ್ಲೇ ಬಿಗಿಹಿಡಿಯುತ್ತಾಳೆ. ತಾವು ಅದಕ್ಕೆ ವಯಸ್ಸೆಂದು ಹೆಸರಿಟ್ಟಿರಿ. ಎಂಥ ಸೂಕ್ಷ್ಮದೃಷ್ಟಿ!

ಕಳೆದ ಸಲ ಕೈಲ್ ಅಳೆದು ಹೋದ ಮೇಲೆ ನನ್ನ ಹೆಂಡತಿ ಗ್ವೆಂಡಾ ಡಲ್ಸಿಯ ಕೆಚ್ಚಲು ಮುಟ್ಟಿ, "ನೋಡಿಲ್ಲಿ ರಸ್, ಡೋಲಿನ ಥರ ಇದೆ. ಇವಳು ಬತ್ತಿಲ್ಲ ಕಣೋ, ಮುನಿಸ್ಕೊಂಡಿದಾಳೆ" ಎಂದಳು. ಹಾಗಾಗಿ ಈ ಸೋಮವಾರದ ಅಳತೆಗೆ ಸೊಂಟನೋವಿನ ಆಂಟಿಯನ್ನು ಕರೆತಂದು ಶೆಡ್ಡಿನಲ್ಲಿ ಕುರ್ಚಿ ಹಾಕಿದೆವು. "ಏನೇ ಮುದುಕಿ, ನಾನು ರಿಟೈರಾದ್ರೆ ನೀನೂ ಆಗ್ಬೇಕಾ? ಹಾಲು ಬಿಡೇ, ಸಾಕು ನಾಟಕ" ಎಂದು ಅವರು ಬೈದದ್ದೇ ತಡ, ಅಳತೆಯ ಗಾಜಿನ ಜಾಡಿ ಕುತ್ತಿಗೆವರೆಗೆ ತುಂಬಿತು. ಕೈಲ್ ಶಿಳ್ಳೆ ಮರೆತ.

ಮರುದಿನ ತಮ್ಮ ಕಚೇರಿಯ ದೂತ ಬ್ರೆಂಡನ್ ಫೋನು ಮಾಡಿದ. "ಆರನೇ ಸೂಲಲ್ಲಿ ಅಷ್ಟೊಂದು ಬರಲ್ಲ ಕಣಪ್ಪ. ಗೆರೆಗೆ ಕೂರ್ತಿಲ್ಲ. ತಪ್ಪು ಅಂಕಿ ಅಂತ ಕಂಪ್ಯೂಟರೇ ತೆಗೆದುಹಾಕ್ತು. ಲಾರಿ ಬರುತ್ತೆ."

ಕರೆದವರಿಗೆ ಹಾಲು, ಬರೆದವರಿಗೆ ಸಾಲು ಎಂಬುದು ಲೋಕನಿಯಮ, ಒಪ್ಪಿದೆ. ಆದರೂ ತಮ್ಮ ಸೂತ್ರದಲ್ಲಿ ವಯಸ್ಸಿನ ಪಕ್ಕ ಆಂಟಿ ಮ್ಯೂರಿಯೆಲ್‌ಗೂ ಒಂದು ಅಕ್ಷರ ಕೊಡಬೇಕು, ಶಿಳ್ಳೆಯನ್ನು ರಾಗವಾರು ಕಳೆಯಬೇಕು, ಆಗದಿದ್ದರೆ ತಾವೇ ಒಂದು ಮುಂಜಾನೆ ಗಮ್‌ಬೂಟು ಹಾಕಿಕೊಂಡು ಬಂದು ಡಲ್ಸಿಯ ಹಿಂದೆ ನಿಂತು ಅವಳ ಅಭಿಪ್ರಾಯವನ್ನು ಎದೆಯ ಮೇಲೆ ಸ್ವೀಕರಿಸಬೇಕು ಎಂದು ವಿನಂತಿ.

ಗುರುವಾರ ಲಾರಿ ಬಂತು. ಡ್ರೈವರು ಹಲಗೆ ಇಳಿಸಿ, "ಎಲ್ಲಯ್ಯಾ ನಿನ್ನ ಮುದುಕಿ?" ಎಂದ.

"ಅವಳು ತಪ್ಪು ಅಂಕಿಯಂತೆ" ಎಂದೆ. "ಕಚೇರಿಯವರು ಆಗಲೇ ತೆಗೆದುಹಾಕಿದಾರೆ. ಇಲ್ಲದ ಹಸುನ ನಾನು ಹೇಗಪ್ಪ ಹತ್ತಿಸ್ಲಿ?"

ಆತ ಬೇಲಿಯಾಚೆ ಮೇಯುತ್ತಿದ್ದ ತಪ್ಪು ಅಂಕಿಯನ್ನೊಮ್ಮೆ ನೋಡಿದ, ನನ್ನನ್ನೊಮ್ಮೆ ನೋಡಿದ, ಹಲಗೆ ಎತ್ತಿಕೊಂಡು ಹೋದ. ತಮ್ಮ ತೀರ್ಪನ್ನು ಅಕ್ಷರಶಃ ಪಾಲಿಸಿದ ತೃಪ್ತಿ ನಮ್ಮದು.

ತಮ್ಮ ಏರಿಕೆಗೂ ಇಳಿಕೆಗೂ ತಲೆಬಾಗುವ,
ತಮ್ಮ ವಿಶ್ವಾಸಿ,
ರಸ್ಸೆಲ್ ಪಿಂಡರ್

ಮರೆತ ಮಾತು: ಬ್ರೆಂಡನ್ ನಿನ್ನೆ ಬಂದು ಎರಡು ಲೋಟ ಟೀ ಕುಡಿದು, ಹಾಲು ಬಹಳ ಗಟ್ಟಿಯಾಗಿದೆ ಎಂದು ಹೊಗಳಿದ. ಅದು ಡಲ್ಸಿಯಿಂದ ಬೇರೆಯಾಗಿ ಕರೆದಿಟ್ಟದ್ದೆಂದು ನಾನು ಹೇಳಲಿಲ್ಲ. ಗೆರೆಗೆ ಕೂರದ ಹಾಲೆಂದು ತಿಳಿದರೆ, ಪಾಪ, ಕುಡಿದೇ ಇಲ್ಲವೆಂದು ಬರೆದುಕೊಳ್ಳಬೇಕಾದೀತು.