ಊರಿನವರ ಗಂಟಲು, ಮಾವನ ಕಿವಿ

ನಮ್ಮ ಸೋದರಮಾವನಿಗೆ ಕಿವಿ ಕೇಳುವುದಿಲ್ಲ ಎಂದು ಯಾರಾದರೂ ಹೇಳಿದರೆ ನೀವು ನಂಬಬಾರದು. ಅವರ ಕಿವಿಗೆ ಏನೂ ಆಗಿಲ್ಲ. ಕೆಟ್ಟಿರುವುದು ಆಳಂದ ತಾಲ್ಲೂಕಿನ ಗಂಟಲು! ಇದು ನನ್ನ ಮಾತಲ್ಲ, ಸ್ವತಃ ಮಾವನ ತೀರ್ಪು. "ಈಗಿನ ಮಂದಿ ಏನ್ ಉಣ್ತಾರೋ ಏನೋ, ದನಿನೇ ಇಲ್ಲ ನೋಡವಾ. ಎಲ್ಲಾರೂ ಬಾಯಾಗ ಗುಟಕಾ ಇಟ್ಕೊಂಡಂಗ ಮಾತಾಡ್ತಾರ" ಎಂದು ಅವರು ಹೇಳಿದರೆ ಅವರ ಊರಾದ ಸರಸಂಬಾದಲ್ಲಿ ಅರ್ಧ ಊರಿಗೆ ಕೇಳಿಸುತ್ತದೆ. ನಾನು ಆಳಂದದಲ್ಲಿ ಶಾಲೆಯ ಟೀಚರು, ಒದರುವುದೇ ನನ್ನ ಹೊಟ್ಟೆಪಾಡು. ಅಂಥ ನಾನೇ ಮಾವನ ಮುಂದೆ ಸೋತಿದ್ದೇನೆಂದರೆ ಉಳಿದವರ ಗತಿ ಏನು, ನೀವೇ ಹೇಳಿ!

ಒಮ್ಮೆ ಮಾದನಹಿಪ್ಪರಗಾದ ನೆಂಟರ ಮನೆಯಿಂದ ಆಳಂದ ಬಸ್ಸು ಹಿಡಿಯಲು ಹೊರಟ ಮಾವ, ನಡುರಸ್ತೆಯಲ್ಲಿ ಗಂಭೀರವಾಗಿ ನಡೆಯುತ್ತಿದ್ದರು. ಹಿಂದೆ ಅದೇ ಬಸ್ಸು! ಅದರ ಮುಂದಿನ ಸೀಟಿನಲ್ಲಿ ನಾನು, ಜೀವ ಕೈಯಲ್ಲಿ ಹಿಡಿದುಕೊಂಡು. ಡ್ರೈವರು ಹಾರ್ನ್ ಒತ್ತಿದ, ಬೈದ, ಕಿಟಕಿಯಿಂದ ತಲೆ ಹೊರಗೆ ಹಾಕಿ ಅವರ ಮನೆದೇವರನ್ನೂ ವಿಚಾರಿಸಿದ. ಎದುರಿನಿಂದ ಕಬ್ಬಿನ ಟ್ರ್ಯಾಕ್ಟರ್ ಬಂದಾಗ ನಾನು ಕಣ್ಣು ಮುಚ್ಚಿಕೊಂಡೆ. ಮಾವ ಮಾತ್ರ ಬಸ್‌ಸ್ಟ್ಯಾಂಡ್ ಮುಟ್ಟಿ ಹಿಂತಿರುಗಿ ನೋಡಿ, ಮುಖ ಅರಳಿಸಿ ಕಂಡಕ್ಟರನಿಗೆ ಹೇಳಿದರು: "ಭೇಷ್! ಇವತ್ತ ಟೈಮಿಗೆ ಸರಿಯಾಗಿ ಬಂದೀರಿ ನೋಡ್ರಿ!"

ಅಷ್ಟಾದರೂ ಅವರ ಗುಟ್ಟು ಇಷ್ಟು ವರ್ಷ ಹೇಗೆ ಉಳಿಯಿತು ಎಂದು ಕೇಳುತ್ತೀರಾ? ಅದು ಅವರ ಕಸುಬಿನ ಪುಣ್ಯ. ಮಾವ ಎತ್ತಿನ ದಲ್ಲಾಳಿ. ಅಫಜಲಪುರ, ಜೇವರ್ಗಿ ಕಡೆಯ ದನದ ಸಂತೆಗಳಲ್ಲಿ ದರವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಟವಲಿನ ಕೆಳಗೆ ಕೈಗೆ ಕೈ ಕೊಟ್ಟು, ಬೆರಳು ಒತ್ತಿ ಒತ್ತಿಯೇ ವ್ಯಾಪಾರ ಮುಗಿಸುತ್ತಾರೆ. ಸುತ್ತ ನಿಂತವರಿಗೆ ಟವಲು ಮಿಸುಕುವುದಷ್ಟೇ ಕಾಣುತ್ತದೆ. ಅಲ್ಲಿ ಕಿವಿಗೇನು ಕೆಲಸ? ಬೆರಳು ಚುರುಕಾಗಿದ್ದರೆ ಸಾಕು. ಮಾವನ ಬೆರಳಂತೂ ವಕೀಲರ ನಾಲಿಗೆಗಿಂತ ಚುರುಕು. ಸಂತೆಯಲ್ಲಿ ರಾಜ, ಮನೆಯಲ್ಲಿ ಕಿವುಡ!

ಮನೆಯಲ್ಲಿ ಮಾವನ ಹೆಂಡತಿ, ನಮ್ಮ ಅತ್ತಿ, ಕೈ ಹಿಡಿದು ಬೆರಳು ಒತ್ತಿ "ಹಿಟ್ಟು ಬೀಸಿಸಿಕೊಂಡು ಬರ್ರಿ" ಎನ್ನಲಾದೀತೇ? ಕೂಗಬೇಕು. ಕೂಗಿದರೆ ಓಣಿಗೆಲ್ಲ ಗೊತ್ತಾಗುತ್ತದೆ. ಹಾಗಾಗಿ ಅತ್ತಿ ಬರಬರುತ್ತ ಮಾತೇ ಕಡಿಮೆ ಮಾಡಿದರು. ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆಯನ್ನು ಗಂಡನ ಕಿವಿಗೆ ಬಿಟ್ಟು ನೋಡಿದರು, ಏನೂ ಆಗಲಿಲ್ಲ. ಯಾರೋ ಹೇಳಿದರೆಂದು ಗಾಣಗಾಪುರಕ್ಕೆ ಕಳಿಸಿದರು. ಗುರುವಾರದ ಜಾತ್ರೆಯಂಥ ಜನ, ಗಂಟೆ, ಭಜನೆ, ಅಂಗಡಿಯವರ ಕೂಗು. ಮಾವ ಹೊಳೆಯಲ್ಲಿ ಮಿಂದು ಬಂದು ಹೇಳಿದ್ದೇನು? "ಗಾಣಗಾಪುರ ಎಷ್ಟು ಶಾಂತ ಇತ್ತಂದ್ರ!"

ನಕ್ಕೆವು. ಆದರೆ ಆ ನಗು ಬಹಳ ದಿನ ಉಳಿಯಲಿಲ್ಲ.

ಹೋದ ಬೇಸಿಗೆಯ ಒಂದು ಮಧ್ಯಾಹ್ನ ಅತ್ತಿ ಹಿತ್ತಲಿನಲ್ಲಿ ನೀರಿನ ತೊಟ್ಟಿಯ ಹತ್ತಿರ ಪಾಚಿಯ ಮೇಲೆ ಕಾಲು ಜಾರಿ ಬಿದ್ದರು. ಎದ್ದೇಳಲಾಗಲಿಲ್ಲ. ಆ ಮನೆಯ ಹಿಂಬಾಗಿಲು, ಮುಂಬಾಗಿಲು ಒಂದೇ ಸಾಲಿನಲ್ಲಿವೆ. ಹಿತ್ತಲಿನಲ್ಲಿ ಬಿದ್ದ ಅತ್ತಿಗೆ ಮುಂದಿನ ಕಟ್ಟೆಯ ಮೇಲೆ ಕೂತ ಮಾವನ ಬೆನ್ನು ಕಾಣುತ್ತಿತ್ತು. ಮಾವ ಬೀದಿಗೆ ಮುಖ ಮಾಡಿ ತಂಬಾಕಿಗೆ ಸುಣ್ಣ ತಿಕ್ಕುತ್ತಿದ್ದರು. "ಏನ್ರೀ... ಏನ್ರೀ..." ಎಂದು ಅತ್ತಿ ಆ ಬೆನ್ನನ್ನೇ ನೋಡುತ್ತ ಕರೆದರು. ಬೆನ್ನು ಅಲುಗಲಿಲ್ಲ. ಕೊನೆಗೆ ಓಣಿಯ ಆ ತುದಿಯ ಮನೆಯವಳಿಗೆ ಕೇಳಿಸಿ, ಆಕೆ ಎದ್ದುಬಿದ್ದು ಓಡಿ ಬಂದಳು. ಅವಳನ್ನು ಕಂಡು ಮಾವ ಅಂದರಂತೆ: "ಬಾರವಾ, ಕೂಡು. ಬಿಸಲಾಗ ಯಾಕ ಇಷ್ಟ ಅವಸರ?"

ತೊಡೆಯ ಎಲುಬು ಮುರಿದಿತ್ತು. ಕಲಬುರಗಿಯ ಆಸ್ಪತ್ರೆಯಲ್ಲಿ ಅತ್ತಿಯನ್ನು ಒಳಗೆ ಕರೆದೊಯ್ದ ಮೇಲೆ ಮಾವ ಬೆಂಚಿನ ಮೇಲೆ ನನ್ನ ಪಕ್ಕ ಕೂತರು. ಕೇಳಿದರು: "ಎಷ್ಟೊತ್ತು ಕರದ್ಳಂತ?" ಆಮೇಲೆ ಅವರೇ ಮೊದಲ ಸಲ ಊರಿನ ಗಂಟಲಿನ ಮೇಲೆ ತಪ್ಪು ಹಾಕದೆ ಹೇಳಿದರು: "ಯವ್ವಾ, ನನ್ನ ಕಿವಿ ತೋರಸು."

ಸರ್ಕಾರಿ ಆಸ್ಪತ್ರೆಯಲ್ಲಿ ಕಿವಿ ಪರೀಕ್ಷೆ. ಗಾಜಿನ ಕಿಟಕಿಯ ಪುಟ್ಟ ಕೋಣೆ, ಕಿವಿಗೆ ಹೆಡ್‌ಫೋನು, ಕೈಯಲ್ಲಿ ಒಂದು ಗುಂಡಿ. ಸಪ್ಪಳ ಕೇಳಿದಾಗ ಒತ್ತಬೇಕು. ಗುಂಡಿ ಕೊಟ್ಟದ್ದು ಯಾರ ಕೈಗೆ? ಎತ್ತಿನ ದಲ್ಲಾಳಿಯ ಕೈಗೆ! ಪರೀಕ್ಷೆ ಮಾಡುವ ಹುಡುಗಿಯ ಮುಖ ನೋಡಿಕೊಂಡೇ ಮಾವ ಟಕಟಕ ಒತ್ತತೊಡಗಿದರು. ಆಕೆ ಒಳಗೆ ಬಂದು, ಹೆಡ್‌ಫೋನು ತೆಗೆಸಿ, ಅವರ ಎದುರು ನಿಂತು ಗಟ್ಟಿಯಾಗಿ ಹೇಳಿದಳು: "ಕಾಕಾ, ನಾ ಸಪ್ಪಳ ಬಂದ್ ಮಾಡಿ ಬಾಳ ಹೊತ್ತಾತ್ರಿ. ಯಾವುದಕ್ಕ ಒತ್ತಾಕತ್ತೀರಿ?"

"ಮುಂದ ಬರೋ ಸಪ್ಪಳಕ್ಕ ಮುಂಗಡ ಒತ್ತೇನವಾ!"

ಆಕೆ ನಕ್ಕು, ಮಾವನ ಕುರ್ಚಿಯನ್ನು ಗೋಡೆಗೆ ತಿರುಗಿಸಿ ಮತ್ತೆ ಶುರು ಮಾಡಿದಳು. ಈ ಸಲ ಅವರ ಹೆಬ್ಬೆರಳು ಸುಮ್ಮನೆ ಕಾಯುತ್ತಲೇ ಇತ್ತು.

ವಯಸ್ಸಿನಿಂದ ಒಳಕಿವಿ ಸವೆದಿದೆ, ಎಣ್ಣೆಗಿಣ್ಣೆ ಹಾಕಬೇಡಿ, ಕಿವಿಗೆ ಹಾಕುವ ಮಶೀನಿನಿಂದ ಅನುಕೂಲವಾಗುತ್ತದೆ ಎಂದರು ಡಾಕ್ಟರು. ಕಿವುಡುತನದ ಪ್ರಮಾಣಪತ್ರ ಮಾಡಿಸಿದರೆ ಮಶೀನನ್ನು ಸರ್ಕಾರದಿಂದಲೇ ಪಡೆಯಬಹುದು ಎಂದೂ ದಾರಿ ಹೇಳಿಕೊಟ್ಟರು. ಆ ಹುಡುಗಿ ನನಗೂ ಪಾಠ ಮಾಡಿದಳು: "ಒದರಬ್ಯಾಡ್ರಿ ಟೀಚರ್. ಎದುರಿಗೆ ಕುಂತು, ಮುಖ ನೋಡಿ, ನಿಧಾನ ಮಾತಾಡ್ರಿ. ಕೇಳೋದು ಮರತ ತಲಿ ಮತ್ತ ಕಲೀಬೇಕು, ದಿನ ಹಿಡೀತದ. ಆದ್ರ ದೂರದ್ದು ಕೇಳಬಹುದು, ಕೇಳದೇನೂ ಇರಬಹುದು."

ಆ ಕೊನೆಯ ಮಾತು ನನ್ನ ಎದೆಯಲ್ಲಿ ಮುಳ್ಳಿನಂತೆ ಕೂತಿತು.

ಮಶೀನ್ ಬಂತು. ಹಿಂದೆಯೇ ರಂಪವೂ ಬಂತು! ತಟ್ಟೆ ಇಟ್ಟರೆ ಸಿಡಿಲು, ಫ್ಯಾನ್ ಹಾಕಿದರೆ ಹಿಟ್ಟಿನ ಗಿರಣಿ. ಹಪ್ಪಳ ಮುರಿದು ಬಾಯಿಗಿಟ್ಟ ಮಾವ ತಾವೇ ಬೆಚ್ಚಿ ಎದ್ದು ನಿಂತರು. ಅರ್ಧ ದಿನ ಮಶೀನ್ ಅಂಗಿಯ ಕಿಸೆಯಲ್ಲಿ. "ಕಿವಿ ಎಲ್ಲಿ ಇಟ್ಟೀರಿ?" ಎಂದರೆ ಕಿಸೆ ತಟ್ಟಿ ತೋರಿಸುವರು. ಅತ್ತಿ ಕೋಲು ಹಿಡಿದು ನಡೆಯತೊಡಗಿದ ದಿನ ಜೇವರ್ಗಿಯಿಂದ ಅವರ ಮಗಳು ಬಂದಳು. ಬ್ಯಾಗಿಗೆ ಅವ್ವನ ಸೀರೆಗಳನ್ನು ತುಂಬುತ್ತಲೇ ಖಡಾಖಂಡಿತವಾಗಿ ಹೇಳಿದಳು: "ಅವ್ವನ್ನ ನಾ ಕರ್ಕೊಂಡ್ ಹೋಗ್ತೇನಿ. ಮತ್ತ ಬಿದ್ರ ಯಾರಿಗೆ ಕೇಳ್ತದ ಇಲ್ಲಿ?"

ಮಾವ ಅವಳ ಎದುರೇ ನಿಂತಿದ್ದರು. ಅಷ್ಟೂ ಮಾತು ಅವರಿಗೆ ಕೇಳಿಸಿತು. ಅಂದು ಯಂತ್ರ ಕೆಟ್ಟಿದ್ದರೇ ಚೆನ್ನಾಗಿತ್ತು ಎನ್ನಿಸಿತು ನನಗೆ.

"ಹಂಗಾದ್ರ ನೋಡೇ ಬಿಡೋಣು" ಎಂದರು ಮಾವ. "ನಾ ಕಟ್ಟಿ ಮ್ಯಾಲ ಕೂಡ್ತೇನಿ, ಬೀದಿ ಕಡೆ ಮುಖ ಮಾಡಿ. ಆಕಿ ತೊಟ್ಟಿ ಹತ್ರ ನಿಂತು ಕರೀಲಿ. ನನಗ ಕೇಳದಿದ್ರ ಕರ್ಕೊಂಡ್ ಹೋಗು. ನಾ ಅಡ್ಡ ಬರಂಗಿಲ್ಲ."

ಇದೇನು ಹುಚ್ಚು ಪಂದ್ಯ! ಬೇಡವೆಂದೆ, ಕೇಳಲಿಲ್ಲ. ಈ ಸಲ ಬೇಕೆಂದೇ ಕೇಳಲಿಲ್ಲ. ಕಟ್ಟೆಗೆ ಹೋಗಿ ಕೂತರು. ಅತ್ತಿ ಕೋಲೂರುತ್ತ ಹಿತ್ತಲಿಗೆ ಹೋದರು. ಆ ಕಡೆ ಅತ್ತಿ, ಈ ಕಡೆ ಮಾವನ ಬೆನ್ನು, ನಡುಮನೆಯಲ್ಲಿ ನಾನು ಮತ್ತು ಬ್ಯಾಗು ಹಿಡಿದ ಮಗಳು. ಬೀದಿಯಲ್ಲಿ ಒಂದು ಆಟೋ ಹೋಯಿತು. ಅದು ದೂರವಾಗುವವರೆಗೂ ಅತ್ತಿ ಕಾದರು. ಆಮೇಲೆ ಬಾಯಿ ತೆರೆದರು. ಗಟ್ಟಿಯಾಗಿ ಕರೀರಿ ಅತ್ತಿ, ಗಟ್ಟಿಯಾಗಿ, ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಆದರೆ ಅವರು ಸಾದಾ ದನಿಯಲ್ಲಿ ಒಂದೇ ಸಲ ಕರೆದರು.

"ಏನ್ರೀ..."

ಬೆನ್ನು ಅಲುಗಲಿಲ್ಲ. ಮಗಳು ಬ್ಯಾಗು ಎತ್ತಿದಳು.

ಆಗ ಮಾವ ಎದ್ದರು. ಚಪ್ಪಲಿ ಅಲ್ಲೇ ಬಿಟ್ಟು, ನಮ್ಮಿಬ್ಬರನ್ನೂ ದಾಟಿ, ಹಿಂಬಾಗಿಲ ಹೊಸ್ತಿಲು ಎಡವಿ ಹಿತ್ತಲಿಗೆ ಹೋಗಿ ಅತ್ತಿಯ ಕೈ ಹಿಡಿದುಕೊಂಡರು. ಅವರ ಗಲ್ಲ ಆಗಲೇ ಒದ್ದೆಯಾಗಿತ್ತು.

"ಆವತ್ತೂ ಹಿಂಗ ಕರದಿದ್ದೇನ್ ಬೇ?"

ಅತ್ತಿ ಸೆರಗಿನಿಂದ ಅವರ ಮುಖ ಒರೆಸುತ್ತ ಮೆಲ್ಲಗೆ ಹೇಳಿದರು: "ಅದೆಲ್ಲ ಬಿಡ್ರಿ. ಇವತ್ತ ಬಂದೀರಲ್ಲ."