ಬಾರದ ಭಾಷೆಗೆ ಆಣೆ ಇಲ್ಲ

ನಮ್ಮ ಕಾಕಾ ಒಂಬತ್ತು ವರ್ಷ ಹೆಂಡತಿಯ ಜೊತೆ ಒಂದು ಮಾತೂ ಆಡಲಿಲ್ಲ. ಆದರೆ ಮನೆಯಲ್ಲಿ ಅವರಷ್ಟು ಮಾತಾಡುವ ಗಂಡ ಇಡೀ ಬೆಂಗೇರಿಯಲ್ಲಿ ಇನ್ನೊಬ್ಬರಿರಲಿಲ್ಲ! ಅದು ಹೇಗೆ ಅಂತೀರಾ? ಅವರು ಗೋಡೆಯ ಜೊತೆ ಮಾತಾಡುತ್ತಿದ್ದರು. ಕ್ಯಾಲೆಂಡರಿನ ಜೊತೆ ಮಾತಾಡುತ್ತಿದ್ದರು. ಊಟಕ್ಕೆ ಕೂತರಂತೂ ಅಡುಗೆಮನೆಯ ಗ್ಯಾಸ್ ಸಿಲಿಂಡರೇ ಗತಿ.

"ಏ ಸಿಲಿಂಡರ್, ಇವತ್ತ ಬದನೀಕಾಯಿ ಪಲ್ಯಾಕ್ಕ ಉಪ್ಪ ಕಡಿಮಿ ಬಿದ್ದೈತಿ ನೋಡು."

ರೊಟ್ಟಿ ಬಡಿಯುತ್ತಿದ್ದ ಅವರ ಹೆಂಡತಿ, ನಮ್ಮ ಚಿಗವ್ವ, ಮಿಕ್ಸರಿಗೆ ಹೇಳುತ್ತಿದ್ದಳು: "ಬಿಪಿ ಇದ್ದವರಿಗೆ ಅಷ್ಟ ಸಾಕು ಅಂತ ಹೇಳವಾ."

ಸಿಲಿಂಡರು, ಮಿಕ್ಸರುಗಳ ಕೈಯಲ್ಲಿ ಆಗದ ಕೆಲಸಕ್ಕೆ ಪಕ್ಕದ ಮನೆಯ ನಾನಿದ್ದೆ. ಕಾಕಾ ಕಟ್ಟೆಯ ಮೇಲೆ ಕೂತು ಆಡಿದ್ದನ್ನು ಹಿತ್ತಲಿಗೆ ಮುಟ್ಟಿಸುವುದು, ಹಿತ್ತಲಿನದನ್ನು ಕಟ್ಟೆಗೆ ತರುವುದು, ದಾರಿಯಲ್ಲಿ ಬೈಗುಳವನ್ನು ಸೋಸುವುದು. ಸೋಸಿದ ಮೇಲೆ ಹೇಳುವುದಕ್ಕೆ ಏನೂ ಉಳಿಯದ ದಿನಗಳೂ ಇದ್ದವು!

ಇಷ್ಟಕ್ಕೆಲ್ಲ ಕಾರಣ ಒಂದು ಪಂಚಮಿ. ಹಬ್ಬಕ್ಕೆ ತವರಿಗೆ ಹೋದ ಹೆಂಡತಿಯನ್ನು ಗಂಡ ಹೋಗಿ ಕರೆದುಕೊಂಡು ಬರಬೇಕು, ಅದು ಅವರ ಮನೆಯ ಪದ್ಧತಿ. ಚಿಗವ್ವನ ತವರು ಸುಳ್ಳ ಅನ್ನುವ ಹಳ್ಳಿ. ದೂರವೇನೂ ಅಲ್ಲ, ಬಸ್ಸಿನಲ್ಲಿ ಒಂದು ಪೊಟ್ಟಣ ಶೇಂಗಾ ತಿಂದು ಮುಗಿಸುವಷ್ಟರಲ್ಲಿ ಬರುವ ಊರು. ಆ ವರ್ಷ ಏನೋ ಸಣ್ಣ ಮಾತಿಗೆ ಜಗಳವಾಡಿ ಹೋಗಿದ್ದಳು. ಕಾಕಾ ಕರೆಯಲು ಹೋಗಲೇ ಇಲ್ಲ. ತಿಂಗಳು ಕಾದು, ಕೊನೆಗೆ ಚಿಗವ್ವ ತಾನೇ ಬಸ್ಸು ಹತ್ತಿ ಬಂದಳು. ಬಾಗಿಲಲ್ಲಿ ಚೀಲ ಇಳಿಸಿ, "ಕರಿಯಾಕ ಬರಲಿಲ್ಲ. ಇನ್ನ ನನ್ನ ನಿಮ್ಮ ಮಾತ ಮುಗೀತು," ಅಂದಳು. ಕಾಕಾ ಬಿಟ್ಟಾರೆಯೇ? "ಹಂಗಾರ ನಂದೂ ಮುಗೀತು, ಗುರುವಿನ ಆಣಿ!" ಅಂದುಬಿಟ್ಟರು. ಕಾಳುಕಡಿ ಅಂಗಡಿ ನಡೆಸಿದ ಮನುಷ್ಯ. ಆಡಿದ ಮಾತನ್ನು ವಾಪಸು ತೆಗೆದುಕೊಳ್ಳುವ ರೂಢಿ ಅವರಿಗಿಲ್ಲ.

ಹೋದ ವರ್ಷ ನಮ್ಮ ಓಣಿಯ ಸಮುದಾಯ ಭವನದಲ್ಲಿ ಇಂಗ್ಲಿಷ್ ಮಾತಾಡಲು ಕಲಿಸುವ ಕ್ಲಾಸು ಶುರುವಾಯಿತು. ಧಾರವಾಡದಿಂದ ಒಬ್ಬ ಮೇಡಂ ಬರುತ್ತಿದ್ದರು. ಚಿಗವ್ವ ಯಾರಿಗೂ ಹೇಳದೆ ಹೆಸರು ಹಚ್ಚಿ, ಜೊತೆಗಿರಲಿ ಅಂತ ನನ್ನನ್ನೂ ಎಳೆದುಕೊಂಡು ಹೋದಳು. ಮೂರನೇ ದಿನಕ್ಕೆ ಕಾಕಾಗೆ ಸುದ್ದಿ ಮುಟ್ಟಿತು. ನನ್ನನ್ನು ಕಟ್ಟೆಗೆ ಕರೆಸಿದರು.

"ನಿಮ್ಮ ಚಿಗವ್ವ ಇಂಗ್ಲಿಷ ಕಲಿಯಾಕತ್ತಾಳಂತ, ಖರೇ ಏನು?"

"ಹೌದ್ರಿ ಕಾಕಾ. ಕಲೀಲಿ ಬಿಡ್ರಿ."

"ಏನ ಕಲೀಲಿ ಬಿಡ್ರಿ? ನಾಳಿ ಆಕಿ ಮಿಕ್ಸರಿಗೆ ಇಂಗ್ಲಿಷಿನ್ಯಾಗ ಹೇಳಿ ನನ್ನ ಬೈದರ ನನಗ ಹೆಂಗ ಗೊತ್ತಾಗಬೇಕು?"

ಮರುದಿನ ಟೋಪಿ ಹಾಕಿಕೊಂಡು ಮುಂದಿನ ಸಾಲಿನಲ್ಲಿ ಹಾಜರು!

ಮೇಡಂ ಅವರ ಪದ್ಧತಿಯೇ ಬೇರೆ. ಪುಸ್ತಕ ಇಲ್ಲ, ವ್ಯಾಕರಣ ಇಲ್ಲ. ಒಂದೇ ಒಂದು ಇಂಗ್ಲಿಷ್ ಸಿನಿಮಾ, ಅದೂ ಅಳಿಸುವ ಪ್ರೇಮಕಥೆ. ಒಬ್ಬ ಹೀರೋ, ಒಬ್ಬಳು ಹೀರೋಯಿನ್ನು, ನಡುವೆ ಒಂದು ಜಗಳ. ಆಕೆ ಊರು ಬಿಟ್ಟು ಹೊರಡುತ್ತಾಳೆ, ಆತ ತಡೆಯಲು ಬರುವುದಿಲ್ಲ, ಇಬ್ಬರೂ ಬೇರೆ ಬೇರೆ ಊರಲ್ಲಿ ಮುದುಕರಾಗುತ್ತಾರೆ. ದಿನಕ್ಕೆ ಹದಿನೈದು ನಿಮಿಷ ನೋಡುವುದು, ಆಮೇಲೆ ಅದರ ಬಗ್ಗೆ ಇಂಗ್ಲಿಷಿನಲ್ಲೇ ಮಾತಾಡುವುದು. ಹುಡುಗಿಯರೆಲ್ಲ ಮೂಗು ಒರೆಸಿಕೊಳ್ಳುತ್ತಿದ್ದರು. ಕಾಕಾಗೆ ಮಾತ್ರ ಚಿಂತೆ ಬೇರೆ.

"ಮೇಡಂ, ನೋ ಬಡೀ ಈಟಿಂಗ್!" ಅಂದರು ಎದ್ದು ನಿಂತು. ಆಮೇಲೆ ತಡೆಯಲಾರದೆ ನನ್ನ ಕಡೆ ತಿರುಗಿ, "ನಾಕ ದಿನದಿಂದ ನೋಡಾಕತ್ತೇನಿ, ಒಬ್ಬರೂ ಊಟಕ್ಕ ಕುಂತಿಲ್ಲ. ಬರೇ ಕಾಫಿ! ಹಸದ ಹೊಟ್ಟಿ, ಸಿಟ್ಟು ಬರದ ಏನಾದೀತು?" ಅಂದರು.

ಇನ್ನೊಂದು ದಿನ ಮೇಡಂ ಕೇಳಿದರು, ಈ ಜಗಳವನ್ನು ಹೇಗೆ ಬಗೆಹರಿಸಬಹುದಿತ್ತು ಅಂತ. ಕಾಕಾ ತಯಾರಾಗಿಯೇ ಬಂದಿದ್ದರು. "ಕಾಲ್ ಟೂ ಎಲ್ಡರ್ಸ್. ಸಿಟ್ ಇನ್ ಕಟ್ಟಿ. ಗಿವ್ ಟೀ. ಫಿನಿಶ್!" ಅಷ್ಟು ದೊಡ್ಡ ಶಹರದಲ್ಲಿ ಇಬ್ಬರು ಹಿರಿಯರು ಇರಲಿಲ್ಲವೇ ಅನ್ನುವುದು ಅವರ ವಾದ. ಒಂಬತ್ತು ವರ್ಷದಲ್ಲಿ ಇವರ ಕಟ್ಟೆಗೆ ಎಷ್ಟು ಹಿರಿಯರು ಬಂದು ಚಹಾ ಕುಡಿದು ಸೋತು ಹೋಗಿದ್ದರು ಅನ್ನುವುದು ಕ್ಲಾಸಿಗೆಲ್ಲ ಗೊತ್ತಿತ್ತು.

ಗೊತ್ತಿಲ್ಲದವರು ಮೇಡಂ ಒಬ್ಬರೇ. ಪಾಪ, ಜೋಡಿ ಮಾಡುವಾಗ ಕಾಕಾನನ್ನೂ ಚಿಗವ್ವನನ್ನೂ ಎದುರುಬದುರು ಕೂಡಿಸಿಬಿಟ್ಟರು! ಕಾಕಾ ಟೋಪಿ ತೆಗೆದರು, ಹಾಕಿದರು. "ಮೇಡಂ, ನನಗ ಆಣಿ ಐತ್ರಿ. ಕೇಳಿಕೊಂಡು ಬರ್ತೇನಿ," ಅಂತ ಸೀದಾ ಎದ್ದು ಮಠಕ್ಕೆ ಹೋದರು.

ಗುರುಗಳಾದ ಮಠದ ಅಜ್ಜಾರ ಮುಂದೆ ಕಾಕಾ ಮಂಡಿಸಿದ ವಾದವನ್ನು ವಕೀಲರು ಕೇಳಬೇಕಿತ್ತು. "ಅಜ್ಜಾರ, ಆಣಿ ಮಾಡಿದ್ದು ಕನ್ನಡದಾಗ. ಅವಾಗ ನನಗ ಇಂಗ್ಲಿಷ ಬರತಿದ್ದಿಲ್ಲ. ಬರದ ಭಾಷಾಕ್ಕ ಆಣಿ ಹೆಂಗ ಹತ್ತತೈತ್ರಿ?" ಅಜ್ಜಾರು ಹೊಟ್ಟೆ ಹಿಡಿದುಕೊಂಡು ನಕ್ಕರಂತೆ. "ನಿನಗ ಮಾತಾಡೂದು ಬೇಕಾಗೇತಿ. ಹೋಗು, ಯಾವ ಭಾಷಾದಾಗರೇ ಆಡು," ಅಂದರಂತೆ.

ಅಲ್ಲಿಂದ ಮುಂದೆ ನನ್ನ ಕೆಲಸ ಹೋಯಿತು! ಇಬ್ಬರಿಗೂ ಬರುವ ಇಂಗ್ಲಿಷು ಆ ಸಿನಿಮಾದ್ದಷ್ಟೇ. ಹಾಗಾಗಿ ಸಂಸಾರವೆಲ್ಲ ಸಿನಿಮಾದ ಮೇಲೇ ನಡೆಯಿತು. "ಹೀರೋ ಈಸ್ ಹಂಗ್ರಿ," ಅನ್ನುತ್ತಾ ಕಾಕಾ ಅಡುಗೆಮನೆಗೆ ಬರುವುದು. "ಹೀರೋಯಿನ್ ಹ್ಯಾಸ್ ಟೂ ಹ್ಯಾಂಡ್ಸ್ ಓನ್ಲಿ. ವೇಟ್," ಅಂತ ಚಿಗವ್ವ ರೊಟ್ಟಿ ತಿರುವಿ ಹಾಕುವುದು. ಒಂದು ದಿನ ಹೀರೋ ಬಿಪಿ ಮಾತ್ರೆ ನುಂಗದಿದ್ದಾಗ ಹೀರೋಯಿನ್ನು ಎಷ್ಟು ಜೋರಾಗಿ ಇಂಗ್ಲಿಷ್ ಮಾತಾಡಿದಳೆಂದರೆ, ನಮ್ಮ ಮನೆಗೂ ಕೇಳಿಸಿತು. ಸಿಲಿಂಡರು, ಮಿಕ್ಸರುಗಳಿಗೆ ಅಂತೂ ವಿಶ್ರಾಂತಿ ಸಿಕ್ಕಿತು.

ನಾನು ಚಿಗವ್ವನನ್ನು ಛೇಡಿಸಿದೆ: "ಏನಬೇ, ರಾಜಿ ಆತೇನು?"

ಅವಳು ನಗಲಿಲ್ಲ. "ಎಲ್ಲೀ ರಾಜಿ ಯವ್ವಾ. ಇದೆಲ್ಲಾ ಆಟ. ಅವರು ಕರಿಯಾಕ ಯಾಕ ಬರಲಿಲ್ಲ ಅನ್ನೂದು ನನಗ ಇವತ್ತಿಗೂ ಗೊತ್ತಿಲ್ಲ. ನಾ ಬ್ಯಾಡಾಗಿದ್ನೇನು? ಅದೊಂದು ಗೊತ್ತಾಗದ ನಾ ಕಣ್ಣ ಮುಚ್ಚಬಾರದು ನೋಡು," ಅಂದಳು. ಒಂಬತ್ತು ವರ್ಷ ಅವರ ಟಪಾಲು ಹೊತ್ತ ನನಗೆ ಈ ಒಂದು ಪ್ರಶ್ನೆಯನ್ನು ಅವಳು ಕೊಟ್ಟಿರಲೇ ಇಲ್ಲ.

ಸಿನಿಮಾದ ಕೊನೆಯ ಭಾಗಗಳು ಬಂದವು. ಹೀರೋಯಿನ್ನು ರೈಲಿನ ಬಾಗಿಲಲ್ಲಿ ನಿಂತಿದ್ದಾಳೆ, ಹಿಂದೆ ತಿರುಗಿ ನೋಡುತ್ತಾಳೆ, ಪ್ಲಾಟ್‌ಫಾರ್ಮು ಖಾಲಿ. ಮೇಡಂ ಅಲ್ಲಿಗೆ ನಿಲ್ಲಿಸಿ, ಜೋಡಿಯಲ್ಲಿ ಒಬ್ಬರು ಪ್ರಶ್ನೆ ಕೇಳಬೇಕು, ಇನ್ನೊಬ್ಬರು ಉತ್ತರ ಹೇಳಬೇಕು ಅಂದರು. ಚಿಗವ್ವ ಸೀರೆಯ ನೆರಿಗೆ ಸರಿಮಾಡಿಕೊಂಡು ಎದ್ದಳು.

"ವೈ ಹೀರೋ ಡಿಡ್ ನಾಟ್ ಕಮ್?"

ಕಾಕಾ ಗೋಡೆಯ ಕಡೆ ನೋಡಿದರು. ಗೋಡೆ ಕಂಡರೂ ಮಾತಾಡುವ ಮನುಷ್ಯ! ಈ ಸಲ ನೆಲಕ್ಕೆ ಹೇಳುವಂತೆ, "ಹೀರೋ ಕೇಮ್," ಅಂದರು.

"ನೋ ಸರ್," ಅಂದರು ಮೇಡಂ ಮೆಲ್ಲಗೆ. ಸಿನಿಮಾದಲ್ಲಿ ಅವನು ಬರುವುದೇ ಇಲ್ಲವಲ್ಲ.

ಕಾಕಾಗೆ ಅದು ಕೇಳಿಸಲಿಲ್ಲ. "ಹೀರೋ ಕೇಮ್ ಟು ಬಸ್ ಸ್ಟ್ಯಾಂಡ್. ಮೆನಿ ಡೇಸ್ ಕೇಮ್. ನ್ಯೂ ಶರ್ಟ್. ಸುಳ್ಳ ಬಸ್ ಕೇಮ್. ಹೀರೋ ಸ್ಟ್ಯಾಂಡಿಂಗ್. ಬಸ್ ವೆಂಟ್."

ಚಿಗವ್ವನ ಕೈ ಕುರ್ಚಿಯ ಬೆನ್ನು ಹಿಡಿದುಕೊಂಡಿತು. "ವೈ?" ಅಂದಳು.

ಕಾಕಾ ಕಲಿತ ಇಂಗ್ಲಿಷು ಅಲ್ಲಿಗೆ ಮುಗಿದಿತ್ತು. ಅವರು ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು, ಒಂಬತ್ತು ವರ್ಷದ ಮೇಲೆ ಹೆಂಡತಿಯ ಮುಖ ನೋಡಿ ಕನ್ನಡದಲ್ಲಿ ಮಾತಾಡಿದರು.

"ಅಂಜಿಕಿ ಬಂತು. ಅಷ್ಟು ಬೈದು ಕಳಿಸಿದ್ನಿ. ಕರಿಯಾಕ ಬಂದಾಗ ನೀ ಒಲ್ಲೆ ಅಂದಿದ್ದರ, ನಾ ಒಬ್ಬನಽ ಹೆಂಗ ತಿರುಗಿ ಬರಬೇಕಿತ್ತು?"

 ಇದು ಸಿನಿಮಾದ ಕಥೆಯಲ್ಲ ಅಂತ ಮೇಡಂಗೂ ಈಗ ಗೊತ್ತಾಗಿತ್ತು. ನನಗಂತೂ ಕಣ್ಣು ತುಂಬಿ ಎದುರಿಗಿದ್ದ ಇಬ್ಬರೂ ಕಾಣಿಸದಂತಾದರು. ಚಿಗವ್ವನ ದನಿ ಮಾತ್ರ ಕೇಳಿಸಿತು.

"ಒಲ್ಲೆ ಅಂತಿದ್ನಿರಿ. ನೀವು ಚಹಾ ಕುಡಿದು ಮುಗಿಸೂತನಕ ಒಲ್ಲೆ ಒಲ್ಲೆ ಅಂತಿದ್ನಿ. ಆಮ್ಯಾಲ ಬರ್ತಿದ್ನಿ. ಆ ತಿಂಗಳಪೂರ್ತಿ ಚೀಲಾ ಕಟ್ಟೇ ಇಟ್ಟಿದ್ನಿ."