ನಡುವೆ ಒಂದು ನಾಯಿ

ನಾಯಿ ಸಾಕಬೇಕೆಂದಿದ್ದೇನೆ ಎಂದು ಬಾಯಿ ಬಿಟ್ಟರೆ ಸಾಕು, ಎಂಥ ನಾಯಿ ತರಬೇಕೆಂಬ ಸಲಹೆ ನಾಲ್ಕೂ ಕಡೆಯಿಂದ ಬಂದು ಬೀಳುತ್ತದೆ. ಲಿಫ್ಟಿನಲ್ಲಿ ಸಿಕ್ಕವರು, ತರಕಾರಿ ಗಾಡಿಯ ಹತ್ತಿರ ನಿಂತವರು, ಹುಟ್ಟಿದಾಗಿನಿಂದ ನಾಯಿ ಕಂಡರೆ ರಸ್ತೆ ದಾಟುವವರು ಕೂಡ ಜಾತಿ, ಬಣ್ಣ, ಕಿವಿಯ ಉದ್ದ ಎಲ್ಲದರ ಬಗ್ಗೆ ಖಚಿತವಾಗಿ ಮಾತಾಡುತ್ತಾರೆ. ಯಾಕೆ ತರುತ್ತಿದ್ದೀರಿ ಎಂದು ಮಾತ್ರ ಒಬ್ಬರೂ ಕೇಳುವುದಿಲ್ಲ. ಕೇಳಿದ್ದರೆ ನನ್ನ ಹತ್ತಿರ ಉತ್ತರ ಸಿದ್ಧವಿತ್ತು: ನಮ್ಮ ಅತ್ತೆಗೋಸ್ಕರ.

ಅತ್ತೆ ಎಂದರೆ ನನ್ನ ಹೆಂಡತಿ ಶೈಲಾಳ ತಾಯಿ. ಬಾಗಲಕೋಟೆಯ ಕಡೆಯವರು. ಮಾವ ತೀರಿಕೊಂಡ ಮೇಲೆ ಹೈದರಾಬಾದಿನಲ್ಲಿ ನಮ್ಮ ಜೊತೆಗೇ ಇದ್ದಾರೆ. ನಾನು ಮೈಸೂರಿನವನು. ಕೇಂದ್ರ ಸರ್ಕಾರದ ಕಾರ್ಖಾನೆಯೊಂದರಲ್ಲಿ ಕೆಲಸ ಸಿಕ್ಕಿ ಇಲ್ಲಿಗೆ ಬಂದು, ಇಲ್ಲೇ ಶೈಲಾಳನ್ನು ಮದುವೆಯಾಗಿ, ಮೆಹದಿಪಟ್ಟಣಂನ ಅಪಾರ್ಟ್‌ಮೆಂಟಿನಲ್ಲಿ ಬೇರು ಬಿಟ್ಟವನು. ಅತ್ತೆಯ ಮನೆತನದಲ್ಲಿ ಒಂದು ಪದ್ಧತಿ ಇದೆ. ಅತ್ತೆಯಾದವಳು ಅಳಿಯನ ಜೊತೆ ನೇರವಾಗಿ ಮಾತಾಡುವುದಿಲ್ಲ. ಅಳಿಯನಿಗೆ ಕೊಡುವ ಮರ್ಯಾದೆ ಅದು. ಹೇಳುವುದೇನಿದ್ದರೂ ನಡುವೆ ಒಬ್ಬರನ್ನು ನಿಲ್ಲಿಸಿಕೊಂಡು ಅವರಿಗೆ ಹೇಳಬೇಕು. ಮದುವೆಯಾದ ಹೊಸತರಲ್ಲಿ ನಾನು ಊಟಕ್ಕೆ ಕೂತಾಗ ಅವರು ಶೈಲಾಳಿಗೆ, 'ಇನ್ನೊಂದು ರೊಟ್ಟಿ ಹಾಕಿಸ್ಕೋರಿ ಅಂತ ಹೇಳವ್ವ' ಎಂದರು. ನಾನು ಅವರಿಂದ ಎರಡು ಮಾರು ದೂರದಲ್ಲಿದ್ದೆ. ನನ್ನ ಕಿವಿ ಮಂದ ಎಂದು ಯಾರೋ ಅವರಿಗೆ ಹೇಳಿರಬೇಕು ಎಂದುಕೊಂಡು ಆ ವಾರವೆಲ್ಲ ಸಂಕಟಪಟ್ಟೆ.

ಆಮೇಲೆ ಅಭ್ಯಾಸವಾಯಿತು. ಮಗಳು ಹುಟ್ಟಿದ ಮೇಲಂತೂ ಆ ಕೆಲಸ ಪೂರ್ತಿ ಅವಳದ್ದೇ ಆಯಿತು. ಅಜ್ಜಿಯ ಮಾತನ್ನು ಅಪ್ಪನಿಗೂ ಅಪ್ಪನ ಮಾತನ್ನು ಅಜ್ಜಿಗೂ ದಾಟಿಸುತ್ತ, ನಡುವೆ ತನಗೆ ಬೇಕಾದ ಚಾಕಲೇಟನ್ನೂ ಸೇರಿಸುತ್ತ ಬೆಳೆದಳು. ತೊಂದರೆ ಶುರುವಾದದ್ದು ಅವಳು ಓದಲು ವರಂಗಲ್ಲಿನ ಹಾಸ್ಟೆಲಿಗೆ ಹೋದ ಮೇಲೆ. ಅದೇ ವರ್ಷ ನಾನು ನಿವೃತ್ತನಾದೆ. ಶೈಲಾ ಟೀಚರು, ಬೆಳಿಗ್ಗೆ ಹೊರಟರೆ ಸಂಜೆಗೇ ಬರುವುದು. ಇಡೀ ದಿನ ಮನೆಯಲ್ಲಿ ಉಳಿಯುವವರು ಅತ್ತೆ ಮತ್ತು ಅಳಿಯ. ನಡುವೆ ಯಾರೂ ಇಲ್ಲ.

ಊಟ ರೆಡಿ ಎಂಬುದನ್ನು ತಟ್ಟೆಯ ಸದ್ದಿನಿಂದ ತಿಳಿದುಕೊಳ್ಳಬೇಕಿತ್ತು. ಚಹಾ ಬಂದಿದೆ ಎಂಬುದಕ್ಕೆ ಲೋಟವನ್ನು ಟೀಪಾಯಿಯ ಮೇಲೆ ಸ್ವಲ್ಪ ಜೋರಾಗಿ ಇಡುತ್ತಿದ್ದರು. ಕೆಲವು ಮಾತುಗಳನ್ನು ಟಿವಿಗೆ ಹೇಳಿ ನೋಡಿದರು. ಆದರೆ ಟಿವಿ ತಾನೇ ತೆಲುಗಿನಲ್ಲಿ ಒಂದೇ ಸಮ ಮಾತಾಡುತ್ತಿರುವಾಗ ಬೇರೆಯವರ ಮಾತನ್ನು ಎಲ್ಲಿ ಕೇಳಿಸಿಕೊಂಡೀತು? ಒಂದು ಸಂಜೆ ಶೈಲಾ ನನ್ನನ್ನು ಅಡಿಗೆಮನೆಗೆ ಕರೆದು, 'ಅವ್ವಗ ಬ್ಯಾಸರ ಆಗೇತಿ. ಬಾಗಲಕೋಟ್ಯಾಗ ತಂಗಿ ಮನಿಗೆ ಹೋಗಿ ಅಲ್ಲೇ ಇರ್ತೀನಿ, ಟಿಕೆಟ್ ತಗಸು ಅನ್ನಾಕತ್ತಾಳ. ಜೋಡಿಗೊಂದು ನಾಯಿ ಇದ್ರ ಇರ್ತಾಳಂತ ನೋಡ್ರಿ' ಎಂದಳು. ಮಾತಿಲ್ಲದಿದ್ದರೂ ಆ ಲೋಟದ ಸದ್ದು ನನಗೆ ಬೇಕಾಗಿತ್ತು.

ಹಾಗಾಗಿ ನಾಯಿ ಹುಡುಕಲು ಹೊರಟೆ. ಮೊಬೈಲಿನಲ್ಲಿ ಓದಿದ್ದೇ ಓದಿದ್ದು. ವಯಸ್ಸಾದವರಿಗೆ ಯಾವ ನಾಯಿ, ಫ್ಲಾಟಿಗೆ ಯಾವ ನಾಯಿ, ಬಿಸಿಲಿನ ಊರಿಗೆ ಯಾವ ನಾಯಿ. ಓದುತ್ತ ಓದುತ್ತ, ಈ ಗುಣಗಳನ್ನೆಲ್ಲ ನನ್ನಲ್ಲಿ ಹುಡುಕಿದ್ದರೆ ಮಾವ ನನಗೆ ಹೆಣ್ಣು ಕೊಡುತ್ತಿರಲಿಲ್ಲ ಎಂದು ಗೊತ್ತಾಯಿತು. ಮೊದಲು ದಿಲ್‌ಸುಖ್‌ನಗರದಲ್ಲಿ ಒಂದು ಲ್ಯಾಬ್ರಡಾರ್ ಮರಿ ನೋಡಿದೆ. ಮುದ್ದಾಗಿತ್ತು. ಮಾತು ಶುರುಮಾಡುವ ಮೊದಲೇ ನನ್ನ ಒಂದು ಚಪ್ಪಲಿಯನ್ನು ಮುಗಿಸಿತು. ಇಂಗ್ಲಿಷಿನಲ್ಲಿ ಹೇಳಿದರೆ ಮಾತ್ರ ಕೂರುತ್ತದೆ ಎಂದು ಅದರ ಒಡೆಯ ಹೆಮ್ಮೆಯಿಂದ ಹೇಳಿದ. ನಾನು 'ಕೂತ್ಕೋ' ಎಂದೆ. ದೆಹಲಿಯಿಂದ ಬಂದ ನಮ್ಮ ಹಳೆಯ ಜನರಲ್ ಮ್ಯಾನೇಜರು ನನ್ನನ್ನು ನೋಡುತ್ತಿದ್ದ ಹಾಗೇ ನೋಡಿತು. ಅತ್ತೆ ಈ ವರದಿ ಕೇಳಿ, ಅದಕ್ಕೆ ಕನ್ನಡ ಬಾರದು, ತನಗೆ ಇಂಗ್ಲಿಷ್ ಬಾರದು, ಇಬ್ಬರೂ ಮುಖ ನೋಡಿಕೊಂಡು ಕೂರಬೇಕೇನು ಎಂದು ಮಗಳ ಮೂಲಕ ಕೇಳಿಸಿದರು.

ಆಮೇಲೆ ಬೇಗಂಪೇಟೆಯಲ್ಲಿ ಒಂದು ಬಿಳಿ ಪೊಮೆರೇನಿಯನ್. ನಾಯಿಯನ್ನು ಆರಿಸಲು ಹೋದವನನ್ನು ಆ ಮನೆಯಾಕೆ ಸೋಫಾದ ಮೇಲೆ ಕೂರಿಸಿ ಇಂಟರ್‌ವ್ಯೂ ಮಾಡಿದರು. ಸ್ವಂತ ಮನೆಯೇ, ಬಾಡಿಗೆಯೇ? ಬಾಲ್ಕನಿ ಯಾವ ದಿಕ್ಕಿಗಿದೆ? ಎಸಿ ಎಷ್ಟು ರೂಮಿಗಿದೆ? ನಮ್ಮ ಮನೆಯಲ್ಲಿ ಎಸಿ ಇಲ್ಲ ಎಂದಾಗ ನಾಯಿ ಎದ್ದು ಒಳಗೆ ಹೋಯಿತು. ಸರ್ಕಾರಿ ಕೆಲಸದ ಇಂಟರ್‌ವ್ಯೂ ಪಾಸಾದವನು ನಾಯಿಯದರಲ್ಲಿ ಫೇಲಾಗಿ, ಮಧ್ಯಾಹ್ನದ ಬಿಸಿಲಲ್ಲಿ ಬಸ್ಸು ಹತ್ತಿ ಮನೆಗೆ ಬಂದೆ.

ಅಪಾರ್ಟ್‌ಮೆಂಟಿನ ಗೇಟಿನ ಹತ್ತಿರ, ಬೇವಿನ ಮರದ ಕೆಳಗಿನ ಕಟ್ಟೆಯ ಮೇಲೆ ಅತ್ತೆ ಕೂತಿದ್ದರು. ಎದುರಿಗೆ ನಮ್ಮ ಬೀದಿಯ ಕಂದು ನಾಯಿ, ಒಂದು ಕಿವಿ ಮಡಚಿದ್ದು. ಇದಕ್ಕೆ ಅತ್ತೆ ದಿನಾ ಒಣಗಿದ ಕಟಕ್ ರೊಟ್ಟಿ ಹಾಕುತ್ತಿದ್ದರು. ಸುಮ್ಮನೆ ಹಾಕುವವರಲ್ಲ. ಒಂದು ಕೈಯಲ್ಲಿ ರೊಟ್ಟಿ ಎಸೆಯುತ್ತ, ಮೈಮೇಲೆ ಬರದಿರಲಿ ಎಂದು ಇನ್ನೊಂದು ಕೈಯಲ್ಲಿ 'ಹಚಾ, ಹಚಾ' ಎಂದು ಓಡಿಸುತ್ತಿದ್ದರು. ತೆಲುಗು ಬೀದಿಯಲ್ಲಿ ಹುಟ್ಟಿದ ಪ್ರಾಣಿ. ಹಚಾ ಎಂದರೆ ಕನ್ನಡದಲ್ಲಿ ರೊಟ್ಟಿಗೆ ಬಾ ಎಂದು ಅರ್ಥ ಮಾಡಿಕೊಂಡಿತ್ತು. ಗದರಿದಷ್ಟೂ ಹತ್ತಿರ ಬರುತ್ತಿತ್ತು.

ನನ್ನನ್ನು ಕಂಡ ಅತ್ತೆ ಸೆರಗು ಸರಿಮಾಡಿಕೊಂಡು ನಾಯಿಗೆ ಹೇಳಿದರು: 'ನೋಡು, ಖಾಲಿ ಕೈಲೆ ಬಂದ್ರು. ಇಂಥಾ ಬಿಸಲಾಗ ತಿರಗಬ್ಯಾಡ್ರಿ ಅಂತ ಹೇಳು ಅವರಿಗೆ.'

ನಾಯಿ ಮಾತು ಮುಗಿಯುವ ತನಕ ಅವರ ಮುಖ ನೋಡಿತು. ಆಮೇಲೆ ನಿಧಾನವಾಗಿ ತಿರುಗಿ ನನ್ನ ಮುಖ ನೋಡಿತು. ನಾನು ನಿಂತಲ್ಲೇ ನಿಂತೆ. ಇದಕ್ಕಿಂತ ಚೆನ್ನಾಗಿ ನನ್ನ ಮಗಳು ಕೂಡ ಮಾತು ದಾಟಿಸಿದವಳಲ್ಲ. 'ಸರಿ, ಇನ್ಮೇಲೆ ತಿರುಗಲ್ಲ ಅಂತ ಹೇಳಪ್ಪ' ಎಂದೆ. ಅದು ಮತ್ತೆ ಅತ್ತೆಯ ಕಡೆ ತಿರುಗಿತು. ಆರಿಸುವ ಕೆಲಸ ಅಲ್ಲಿಗೆ ಮುಗಿಯಿತು.

ಸ್ನಾನ ಮಾಡಿಸಿ, ಇಂಜೆಕ್ಷನ್ ಹಾಕಿಸಲು ಕರೆದೊಯ್ದಾಗ ಡಾಕ್ಟರು ಹೆಸರು ಕೇಳಿದರು. ಶೈಲಾ ಬ್ರೂನೋ ಎಂದು ನಿಶ್ಚಯಿಸಿದ್ದಳು. ಬ್ರೂನೋ ಎಂದರೆ ಅದು ಬೇರೆ ಯಾರನ್ನೋ ಕರೆದಂತೆ ಹಿಂದೆ ತಿರುಗಿ ನೋಡಿತು. ಕಡೆಗೆ ಹಚಾ ಎಂದೇ ಬರೆಸಿದೆ. ಮನೆಗೆ ಬರುವ ಕನ್ನಡದ ನೆಂಟರು, ಹಚಾ ಎಂದು ಗದರಿದರೆ ಬಾಲ ಆಡಿಸಿಕೊಂಡು ಓಡಿಬರುವ ಈ ನಾಯಿಯನ್ನು ನೋಡಿ ಈಗಲೂ ಗಾಬರಿಯಾಗುತ್ತಾರೆ.

ಮನೆಗೆ ಮಾತು ಬಂತು. 'ಊಟಕ್ಕ ಏಳ್ರಿ ಅಂತ ಹೇಳು.' 'ಪಲ್ಯಕ್ಕೆ ಉಪ್ಪು ಸ್ವಲ್ಪ ಕಡಿಮೆ ಅಂತ ಹೇಳು.' 'ಬಿ.ಪಿ. ಇದ್ದವರಿಗೆ ಅಷ್ಟ ಸಾಕಂತ ಹೇಳು.' ಮಗಳಿದ್ದಾಗಲೂ ಆಡದ ಮಾತುಗಳು ಹಚಾನ ಎರಡು ಕಿವಿಗಳ ನಡುವೆ ಓಡಾಡತೊಡಗಿದವು. ಅತ್ತೆಗೆ ಬೇಸರ ಕಳೆಯಿತು, ನನ್ನ ಆಯ್ಕೆ ಫಲಿಸಿತು ಎಂದು ನಾನು ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದೆ. ನಾಯಿ ಆರಿಸುವುದು ಹೇಗೆಂದು ಲಿಫ್ಟಿನಲ್ಲಿ ಈಗ ನಾನೇ ಸಲಹೆ ಕೊಡುತ್ತೇನೆ.

ಇವತ್ತು ಮಧ್ಯಾಹ್ನ ನಾನು ಪೇಪರು ಹಿಡಿದು ಕೂತಿದ್ದೆ. ಅತ್ತೆ ಅವರೆಕಾಯಿ ಬಿಡಿಸುತ್ತಿದ್ದರು. ಹಚಾ ನಡುವೆ ಕೂತಿತ್ತು. ಬಾಗಲಕೋಟೆಗೆ ಟಿಕೆಟ್ ತೆಗೆಸಬೇಕೋ ಹೇಗೆ ಎಂದು ನಾನು ಅದರ ಮೂಲಕ ಕೇಳಿದೆ. ಅತ್ತೆ ಕೈಯಲ್ಲಿದ್ದ ಕಾಯಿಯನ್ನು ಬಿಡಿಸಿ ಹಾಕಿ ನಾಯಿಗೆ ಹೇಳಿದರು:

'ಬ್ಯಾಡಂತ ಹೇಳು. ನನಗೇನ ಬ್ಯಾಸರ ಇರಲಿಲ್ಲ. ಇವರು ರಿಟೈರ್ ಆಗಿ, ಮಗಳೂ ದೂರ ಹೋಗಿ, ಮುಂಜಾನಿಂದ ಸಂಜಿತನಕ ಬಾಗ್ಲಾ ನೋಡ್ಕೋತ ಕುಂದರ್ತಿದ್ರು. ನನ್ನ ಕೈಲೆ ನೋಡಾಕ ಆಗಲಿಲ್ಲ. ಅವರ ಸಲುವಾಗಿ ಅಂದ್ರ ನಾಯಿ ಗೀಯಿ ಬ್ಯಾಡ ಅಂತಿದ್ರು. ಅದಕ್ಕ ನನ್ನ ಹೆಸರು ಹೇಳಂತ ಶೈಲಾಗ ನಾನ ಹೇಳಿದ್ದು.'

ಹಚಾ ತಿರುಗಿ ನನ್ನ ಮುಖ ನೋಡಿತು. ನಾನು ಪೇಪರನ್ನು ಕಣ್ಣಿನ ತನಕ ಎತ್ತಿ ಹಿಡಿದುಕೊಂಡೆ. ಅದು ಎದ್ದು ಬಂದು ನನ್ನ ಪಾದದ ಮೇಲೆ ಮಲಗಿತು. ಸ್ವಲ್ಪ ಹೊತ್ತಿನಲ್ಲಿ ಟೀಪಾಯಿಯ ಮೇಲೆ ಲೋಟ ಇಟ್ಟ ಸದ್ದು ಕೇಳಿಸಿತು. ಈ ಸಲ ಮೆಲ್ಲಗೆ ಇಟ್ಟಿದ್ದರು.

ಹಾಗಾದರೆ ಬಾಗಲಕೋಟೆಗೆ ಹೋಗುವ ಮಾತೂ ಸುಳ್ಳೇ ಆಗಿತ್ತೇ? ಅತ್ತೆಯನ್ನು ಕೇಳಿಯೇಬಿಡೋಣ ಎಂದುಕೊಂಡೆ. ಆದರೆ ಹಚಾಗೆ ನಿದ್ದೆ ಹತ್ತಿದೆ. ಅದು ಏಳಲಿ ಎಂದು ಕಾಯುತ್ತಿದ್ದೇನೆ.